ಇಬ್ಬರೂ ಬಾಗಬೇಕು

ಪುಣೆ
೧೨ ಏಪ್ರಿಲ್ ೧೯೯೭

ನಿವೃತ್ತಿ,

ಹನ್ನೊಂದು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ನಿನ್ನ ಮಗಳ ಮದುವೆಯಲ್ಲಿ ನನ್ನ ಅಣ್ಣನಿಗೆ ಕೊಟ್ಟಿಗೆಯ ಪಕ್ಕ ಬೇರೆ ಎಲೆ ಹಾಕಿದ್ದನ್ನು ನೋಡಿ, ಉಣ್ಣದೆ ಎದ್ದುಬಂದಿದ್ದೆ. ಇನ್ನು ಪಿಂಪಳದರಾದ ಯಾರಿಗೂ ಒಂದಕ್ಷರ ಬರೆಯಬಾರದು ಅಂದುಕೊಂಡಿದ್ದೆ. ದಾದಾ ಆ ಎಲೆಯಲ್ಲೇ ಉಂಡು ಬಂದ. ಬಸ್ಸಿನಲ್ಲಿ ನನಗೇ ಬುದ್ಧಿ ಹೇಳಿದ: "ಸಿಟ್ಟು ಅವರ ಮ್ಯಾಲೆ, ಶಿಕ್ಷಾ ಹೊಟ್ಟಿಗ್ಯಾಕೋ ರತ್ನಾ? ಹೋಳಿಗಿ ಭಾಳ ಚಲೋ ಇದ್ದವು."

ಆ ದಾದಾನ ತಲೆಯನ್ನು ನಿನ್ನ ಊರು ಹಾರೆಯಿಂದ ಒಡೆದಿದೆ.

ಶವಾಗಾರದಲ್ಲಿ ಬಟ್ಟೆ ಸರಿಸುವವನು ನನ್ನನ್ನು ತಡೆದು, "ಮಾಸ್ತರ, ಮುಖ ನೋಡಬ್ಯಾಡ್ರಿ. ಕೈ ನೋಡಿ ಗುರುತು ಹೇಳ್ರಿ" ಎಂದ. ನೋಡಿದೆ. ಮೃದಂಗದ ಎಡಬದಿಗೆ ಹಚ್ಚುವ ಗೋಧಿ ಕಣಕ ಅವನ ಎಡ ಅಂಗೈಯಲ್ಲಿ ಒಣಗಿ ಅಂಟಿಕೊಂಡಿತ್ತು. ಹೌದು, ಭಾನುದಾಸ ಅಮೋಲಿಕ, ನನ್ನ ಅಣ್ಣ ಎಂದು ರುಜು ಹಾಕಿದೆ. ಅದನ್ನು ತೊಳೆಯಬೇಡಿ ಎಂದೆ. ಅದರ ಸಮೇತ ಹೂಳಿದೆವು.

ಠಾಣೆಯವರು ಬರೆದುಕೊಂಡದ್ದು ಏನು ಗೊತ್ತೇ? "ಹೋಳಿಯ ಗದ್ದಲದಲ್ಲಿ ಕಲ್ಲಿನ ಮೇಲೆ ಬಿದ್ದು ಮರಣ." ನೂರಾರು ಜನರಲ್ಲಿ ಒಬ್ಬನೂ ಏನನ್ನೂ ನೋಡಿಲ್ಲವಂತೆ. ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು. ದೊಡ್ಡ ಕೊಲೆಗಳೆಲ್ಲ ಹೀಗೆಯೇ ಕಣ್ಣಿಲ್ಲದ ಊರುಗಳಲ್ಲಿ ನಡೆಯುತ್ತವೆ.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದ ಮೆರವಣಿಗೆ ಮಿಶನ್ ಓಣಿಯಲ್ಲಿ ಹೊಸದೇನಲ್ಲ. ದಾದಾ ಕೊರಳಿಗೆ ಮೃದಂಗ ಕಟ್ಟಿಕೊಂಡು ಮುಂದೆ, ತಾಳದವರು ಹಿಂದೆ, ಪಂಢರಪುರಕ್ಕೆ ದಿಂಡಿ ಕಟ್ಟಿ ಹಾಡುತ್ತ ನಡೆಯುವ ನಿಮ್ಮ ವಾರಕರಿಗಳ ಮಟ್ಟಿನಲ್ಲೇ ಯೇಸುವಿನ ಹಾಡು. ನಿನ್ನ ಅಪ್ಪನ ಕಾಲದಿಂದ ಊರು ಕೇಳುತ್ತಾ ಬಂದಿದೆ. ಈ ವರ್ಷ ಅದೇ ಸಂಜೆ ಹೋಳಿ ಹುಣ್ಣಿಮೆಯೂ ಬಿತ್ತು. "ಕಿರಿಸ್ತಾಂವರು ನಮ್ಮ ದಿಂಡಿ ಅಣಕಸಾಕತ್ತಾರ" ಎಂದು ಯಾರೋ ಕೂಗಿದರಂತೆ. ಹೋಳಿಯ ಕುಣಿ ತೋಡಿದ ಹಾರೆಗಳನ್ನೇ ಹಿಡಿದು ಬಂದರು. ಪ್ರಾರ್ಥನಾಮಂದಿರದ ಬಾಗಿಲು ಮುರಿದರು, ಬೆಂಚುಗಳನ್ನು ಹೊತ್ತು ಹೋಳಿಯ ಬೆಂಕಿಗೆ ಹಾಕಿದರು. ಹೆಂಗಸರನ್ನು ಜಡೆ ಹಿಡಿದು ಎಳೆದರು. ಓಣಿಯಲ್ಲಿ ಟೆಂಪೋ ಓಡಿಸುವ ನಮ್ಮ ಯೋಹಾನನ ಒಂದು ಕಣ್ಣು ಹೋಯಿತು. ದಾದಾನ ಮನೆಯಾಕೆ ಸುಗಂಧಾ ವೈನಿಯ ಬಲಗೈ ಎರಡು ಕಡೆ ಮುರಿದಿದೆ. ದಾದಾ ಸತ್ತ ಮೇಲೆ ಅವನ ಮೃದಂಗವನ್ನೂ ಬೆಂಕಿಗೆ ಎಸೆದರಂತೆ. ಚರ್ಮ ಬಿರಿಯುವ ಸದ್ದಿಗೆ ಬಾಯಿ ಬಡಿದುಕೊಂಡು ಬೊಬ್ಬೆ ಹಾಕಿದರಂತೆ.

ಆ ಬೆಂಕಿಗೆ ಪೂಜೆ ಮಾಡಿದವನು ನೀನು.

ನಿನಗೊಂದು ನೆನಪು ಮಾಡಿಕೊಡುತ್ತೇನೆ. ನಮಗಿಬ್ಬರಿಗೂ ಇಪ್ಪತ್ತು ವರ್ಷ. ನಿಮ್ಮ ದಿಂಡಿಯ ಮೃದಂಗದವನಿಗೆ ಜ್ವರ ಬಂದು ದಾದಾನನ್ನು ಕರೆದಿರಿ. ವಾರಕರಿಗಳಲ್ಲಿ ಒಬ್ಬರಿಗೊಬ್ಬರು ಎದುರಾದರೆ ಇಬ್ಬರೂ ಒಟ್ಟಿಗೆ ಬಾಗಿ ಕಾಲು ಮುಟ್ಟಬೇಕು, ದೊಡ್ಡವ ಸಣ್ಣವ ಎಂಬುದಿಲ್ಲ. ಅದು ನಿಮ್ಮ ಪದ್ಧತಿ. ದಾದಾ ನಿನ್ನ ಕೊರಳಿನ ತುಳಸಿಮಾಲೆ ನೋಡಿ ಬಾಗಿದ. ನೀನೂ ಬಾಗಿದೆ. ಊರಿನ ಮುಂದೆ ನಿಮ್ಮಪ್ಪ ಬಾರುಕೋಲು ತೆಗೆದುಕೊಂಡು ನಿನ್ನ ಬೆನ್ನಿನ ಚರ್ಮ ಸುಲಿದ. ಆ ಗಾಯಕ್ಕೆ ಅರಿಸಿನ ಎಣ್ಣೆ ಹಚ್ಚಿದವನು ದಾದಾ.

ನಿನ್ನ ಬೆನ್ನಿನ ಮೇಲೆ ಆ ಗೆರೆಗಳು ಇನ್ನೂ ಇದ್ದರೆ, ಒಂದು ಹೆಸರು ಬರೆದು ಕಳಿಸು. ಅಷ್ಟೇ ಕೇಳುವುದು.

ರತ್ನಾಕರ ಅಮೋಲಿಕ

•

ಪಿಂಪಳದರಾ
೪ ಮೇ ೧೯೯೭

ಪ್ರಿಯ ರತ್ನಾಕರ ಮಾಸ್ತರರಿಗೆ ನಿವೃತ್ತಿಯ ರಾಮಕೃಷ್ಣ ಹರಿ.

ನಿನ್ನ ಪತ್ರವನ್ನು ವಿಠೋಬನ ಮುಂದೆ ಇಟ್ಟು ಓದಿದೆ. ಭಾನುದಾಸ ನಿನಗೆ ಮಾತ್ರ ಅಣ್ಣನೇ? ನಾಲ್ಕು ದಶಕ ನನ್ನ ಕೀರ್ತನೆಯ ಹಿಂದೆ ಅವನ ಕೈ ಇತ್ತು. ಈಗ ನಾನು ಹಾಡಲು ನಿಂತರೆ ಬೆನ್ನು ಬೋಳುಬೋಳು ಅನ್ನಿಸುತ್ತದೆ. ಪಂಢರಪುರದ ಹೊಳೆಯವರೆಗೆ ಬಂದು, ಗುಡಿಯೊಳಗೆ ಬರದೆ, ಮರಳಲ್ಲಿ ಕೂತು ನಮಗಾಗಿ ಕಾಯುತ್ತಿದ್ದವನು. "ಅದು ನಿಮ್ಮ ತವರು, ನಾ ನಿಮ್ಮನ್ನ ಬಿಡಾಕ ಬಂದ ಗಾಡಿಯವ" ಎನ್ನುತ್ತಿದ್ದ. ಇನ್ನೊಂದು ಹೇಳುತ್ತಿದ್ದನಲ್ಲ: "ನಿಮ್ಮ ದೇವರು ಕನ್ನಡದವ, ನಮ್ಮ ದೇವರು ಯಹೂದಿ. ಮರಾಠಿ ಮಾತಾಡೋ ದೇವರು ಒಬ್ಬನೂ ಇಲ್ಲ ನೋಡ್ರಿ, ಅದಕ್ಕ ನಮ್ಮ ಅರ್ಜಿ ಎಲ್ಲೂ ಮುಟ್ಟಂಗಿಲ್ಲ!" ದಿಂಡಿ ಪೂರ್ತಿ ಹೊಟ್ಟೆ ಹಿಡಿದು ನಗುತ್ತಿತ್ತು.

ಆ ಸಂಜೆಯ ಬಗ್ಗೆ ನಾನು ಏನು ಹೇಳಲಿ? ಪೂಜೆಯಲ್ಲಿದ್ದೆ. ಹೊಗೆ ಇತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಹೊರಗಿನ ಹುಡುಗರು ಲಾರಿಯಲ್ಲಿ ಬಂದಿದ್ದರಂತೆ, ಹಾಗೆ ಹೇಳುತ್ತಾರೆ. ಒಬ್ಬರ ಹೆಸರು ಹೇಳಿದರೆ ಊರು ಎರಡಾಗಿ ಒಡೆಯುತ್ತದೆ, ಮತ್ತೆ ರಕ್ತ. ಹೋದ ಜೀವ ಬರುವುದಿಲ್ಲ.

ನಮ್ಮ ಹಿರಿಯರ ಮಾತು ನಿನಗೂ ಗೊತ್ತು. ನಾಮವೆಂಬುದು ಕಿಡಿ, ಪಾಪವೆಂಬುದು ಹತ್ತಿಯ ರಾಶಿ. ಸಾಯುವಾಗ ಮಗನನ್ನು ಕರೆಯಲು ಹೋಗಿ ನಾರಾಯಣ ಎಂದ ಪಾಪಿಗೂ ವೈಕುಂಠ ಸಿಕ್ಕಿತು. ಹಾಗಿರುವಾಗ ಹಾಡುತ್ತಲೇ ಹೋದ ಭಾನುದಾಸನಿಗೆ ಸಿಗದೇ? ನೀನು ಯೇಸು ಎನ್ನು, ನಾನು ವಿಠ್ಠಲ ಎನ್ನುತ್ತೇನೆ. ಅವನು ದಡ ಸೇರಿದ್ದಾನೆ.

ಈ ಕತ್ತಲಲ್ಲಿ ಒಂದೇ ಬೆಳಕು. ನನ್ನ ಮಗ ಸೋಪಾನ ಕುಡಿತ ಬಿಟ್ಟ. ಹೋದ ವರ್ಷವೇ ಅವನ ಕೊರಳಿಗೆ ನಾನೇ ಮಾಲೆ ಹಾಕಿದ್ದೆ, ಆದರೂ ಗೆಳೆಯರ ಸಹವಾಸ ಬಿಟ್ಟಿರಲಿಲ್ಲ. ಹೋಳಿಯ ಮರುದಿನದಿಂದ ಬೇರೆಯೇ ಮನುಷ್ಯ. ಮೂರು ಹೊತ್ತು ಜಪ. ಅನ್ನ ಸೇರುವುದಿಲ್ಲ. ಈ ಆಷಾಢಕ್ಕೆ ಪಂಢರಪುರದವರೆಗೂ ಬರಿಗಾಲಲ್ಲಿ ಬರುತ್ತೇನೆ ಎಂದಿದ್ದಾನೆ. ಕೃಪೆ ಯಾವ ಬಾಗಿಲಿನಿಂದ ಒಳಗೆ ಬರುತ್ತದೋ ಯಾರು ಬಲ್ಲರು!

ವೈನಿಗೆ ಹಾಲು ಕಳಿಸಿದ್ದೆ. ತಿರುಗಿ ಬಂತು.

ನಿನ್ನ ನಿವೃತ್ತಿ

•

ಪುಣೆ
೨೧ ಮೇ ೧೯೯೭

ನಿವೃತ್ತಿ,

ಹೋಳಿಯ ಬೆಂಕಿಯಲ್ಲಿ ಬೆಂಚು ಉರಿದದ್ದನ್ನು ನೋಡಿದ ಮೇಲೂ ಕಿಡಿ, ಹತ್ತಿ ಎಂದು ಬರೆಯಲು ನಿನ್ನ ಕೈ ಹೇಗೆ ಬಂತು?

ನನ್ನ ಜನವೂ ನಿನ್ನವರಿಗಿಂತ ಕಡಿಮೆಯಿಲ್ಲ, ಅದನ್ನೂ ಕೇಳು. ಮೊನ್ನೆ ನಮ್ಮ ಪಾದ್ರಿಸಾಹೇಬರು ಶಾಂತಿ ಸಮಿತಿಯ ಇಬ್ಬರನ್ನು ಕರೆದುಕೊಂಡು ಮನೆಗೆ ಬಂದರು. ನಿಮ್ಮ ಊರಿನ ಚೌಕದಲ್ಲಿ ವೇದಿಕೆ ಕಟ್ಟುತ್ತಾರಂತೆ, ಹಾರ ತರಿಸುತ್ತಾರಂತೆ.

"ಸುಗಂಧಾಬಾಯಿ ಒಂದ ಮಾತು ಹೇಳಿದ್ರ ಸಾಕು ಮಾಸ್ತರ. ಕ್ಷಮಿಸೀನಿ ಅಂತ."

"ಯಾರನ್ನ?"

"ಎಲ್ಲಾರನ್ನೂ."

"ಎಲ್ಲಾರೂ ಹಾರೆ ಎತ್ತಿಲ್ಲ. ಎತ್ತಿದವ ಒಬ್ಬ. ಅವನ ಹೆಸರು ತಗೊಂಡು ಬರ್ರಿ, ಆಮ್ಯಾಲೆ ಹಾರದ ಮಾತು."

"ಪಕ್ಕದ ಶಿಲುಬಿ ಮ್ಯಾಲಿದ್ದ ಕಳ್ಳಗ ಪ್ರಭು ಹೆಸರು ಕೇಳಿದ್ನೇನು? ಇವತ್ತ ನನ್ನ ಜೋಡಿ ಬರ್ತೀ ಅಂದ, ಮುಗೀತು."

"ಕೇಳಲಿಲ್ಲ. ಆದ್ರ ಆ ಕಳ್ಳ ಮೊದಲು ಬಾಯಿಬಿಟ್ಟು ಹೇಳಿದ, ನಾವು ಮಾಡಿದ್ದಕ್ಕ ತಕ್ಕದ್ದೇ ಸಿಕ್ಕೈತಿ ಅಂತ. ಆ ಸಾಲು ನುಂಗಿ ನೀರು ಕುಡದ್ರ್ಯಲ್ಲ ಸಾಹೇಬರ?"

ಅವರು ನಕ್ಕು ನನ್ನ ಹೆಗಲ ಮೇಲೆ ಕೈ ಇಟ್ಟರು. ಅಂಗಿಯ ಕಾಲರು ಹಿಡಿದು ಮೆಟ್ಟಿಲಿಂದ ಕೆಳಗೆ ದಬ್ಬಿದೆ. ಕನ್ನಡಕ ಒಡೆಯಿತು, ಹುಬ್ಬು ಹರಿದು ರಕ್ತ ಬಂತು. ಎಪ್ಪತ್ತಕ್ಕೆ ಹತ್ತಿರವಾದ ಈ ಕೈಗೆ ಅದು ಹಿತವಾಯಿತು. ನಿನ್ನ ಊರಿನವರಿಗೂ ಹೀಗೆಯೇ ಹಿತವಾಗಿರಬೇಕು.

ಈಗ ಮುಖ್ಯವಾದದ್ದು. ವೈನಿ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಕೈಯ ಪ್ಲಾಸ್ಟರು ಬಿಚ್ಚಿಸಲು ಇಲ್ಲಿಗೆ ಬಂದಿದ್ದಳು. ಎಲುಬು ಸೊಟ್ಟಗೆ ಕೂಡಿದೆ. ಮೊಣಕೈ ಮಡಚಲು ಹೋಗಿ ಆಗದೆ ಇದ್ದಕ್ಕಿದ್ದಂತೆ ಎಲ್ಲ ಹೇಳಿದಳು.

ಅವಳ ಕೈ ಮುರಿದ ಮೇಲೆ ಹೊಸ್ತಿಲ ಬಳಿ ಒಂದು ಬೆಂಚು ಅವಳ ಮೇಲೆ ಬಿತ್ತು. ಅದರ ಕೆಳಗಿನಿಂದ ಅವಳಿಗೆ ಕಂಡದ್ದು ಕಾಲುಗಳು ಮಾತ್ರ. ಬಾಗಿಲಿಗೆ ಅಡ್ಡ ನಿಂತ ದಾದಾನ ಕಾಲು, ಅದರೆದುರು ಬಂದು ನಿಂತ ಇನ್ನೊಂದು ಜೋಡಿ ಕಾಲು, ಆ ಕಾಲಿನ ಪಕ್ಕ ಊರಿದ ಹಾರೆಯ ತುದಿ. ದಾದಾನ ತಲೆ ಕೆಳಗೆ ಬಂತು. ಹೆದರಿ ಅಲ್ಲ. ಎದುರಿನವನ ಕೊರಳಲ್ಲಿ ತುಳಸಿಮಾಲೆ ಕಂಡಿರಬೇಕು; ನಲವತ್ತಕ್ಕೂ ಹೆಚ್ಚು ವರ್ಷದ ಅಭ್ಯಾಸ, ಮಾಲೆ ಕಂಡರೆ ಅವನ ಬೆನ್ನು ತಾನೇ ಬಾಗುತ್ತಿತ್ತು. ಮೃದಂಗ ನೆಲಕ್ಕೆ ತಾಗಿ ಒಮ್ಮೆ ನುಡಿಯಿತಂತೆ.

ಆಗ ಎದುರಿನವನ ತಲೆಯೂ ಕೆಳಗೆ ಬಂತು.

ಮುಖ ಬೆಂಚಿನ ಮರೆಯಲ್ಲಿತ್ತು. ಜೋತಾಡುವ ತುಳಸಿಮಣಿ ಕಂಡಳು, ದಾದಾನ ಪಾದ ಮುಟ್ಟಿದ ಕೈ ಕಂಡಳು. ಒಂದು ಗಳಿಗೆ ಎರಡೂ ತಲೆ ತಾಕಿಕೊಂಡಿದ್ದವು. "ಉಳಿದ್ರು ಅಂದ್ಕೊಂಡೆ" ಎಂದಳು.

ಹಿಂದಿನಿಂದ ಯಾರೋ ನಕ್ಕು ಕೂಗಿದರು: "ಅಪ್ಪನ ಚಾಳಿ ಮಗಗೂ ಬಂತು ನೋಡ್ರೋ!"

ಕೈ ಪಾದವನ್ನು ಬಿಟ್ಟಿತು. ಮಾಲೆ ಮೇಲಕ್ಕೆ ಹೋಯಿತು. ಹಾರೆಯ ತುದಿ ನೆಲ ಬಿಟ್ಟು ಎದ್ದಿತು. ದಾದಾ ಇನ್ನೂ ಬಾಗಿಯೇ ಇದ್ದ.

ಎಷ್ಟು ಪೆಟ್ಟು ಎಂದು ನಾನು ಕೇಳಲಿಲ್ಲ.

ಲಾರಿಯಲ್ಲಿ ಬಂದ ಹೊರಗಿನವನು ಬಾಗುವುದಿಲ್ಲ ನಿವೃತ್ತಿ. ಪಿಂಪಳದರಾದಲ್ಲಿ ಕಿರಿಸ್ತಾಂವನ ಕಾಲಿಗೆ ಬಾಗಿ ಬೆನ್ನು ಸುಲಿಸಿಕೊಂಡ ಅಪ್ಪ ಎಷ್ಟು ಮಂದಿ ಇದ್ದಾರೆ? ನೀನೇ ಹೇಳು.

ರತ್ನಾಕರ

•

ಪಿಂಪಳದರಾ
೮ ಆಗಸ್ಟ್ ೧೯೯೭

ರತ್ನಾ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ದಿಂಡಿಗೆ ಹೊರಟುಬಿಟ್ಟೆ. ಅದು ದೇವರ ಕರೆ ಎಂದುಕೊಂಡೆ. ಓಡಿಹೋದದ್ದು ಎಂದು ಈಗ ತಿಳಿಯುತ್ತದೆ.

ನಿನ್ನ ಪತ್ರವನ್ನು ಸೋಪಾನನಿಗೆ ತೋರಿಸಿರಲಿಲ್ಲ. ಬರಿಗಾಲಲ್ಲಿ ಮುಂದೆ ಮುಂದೆ ನಡೆಯುತ್ತಿದ್ದ. ಪಾದ ಒಡೆದು ರಕ್ತ ಸೋರುತ್ತಿತ್ತು. ನೋಡಿದವರು ಪುಣ್ಯವಂತ ಎನ್ನುತ್ತಿದ್ದರು. ಆದರೆ ಒಂದು ಗಮನಿಸಿದೆ. ದಾರಿಯಲ್ಲಿ ಯಾರಾದರೂ ಬಾಗಿದರೆ ಅವನು ಬಾಗುತ್ತಿರಲಿಲ್ಲ. ಮುಖ ತಿರುಗಿಸಿ ಗುಂಪಿನೊಳಗೆ ನುಗ್ಗುತ್ತಿದ್ದ.

ಫಲಟಣ ದಾಟಿದ ಮೇಲೆ ಒಂದು ಮಧ್ಯಾಹ್ನ ಬೇವಿನ ಮರದಡಿ ಕೂತಿದ್ದೆವು. ಪರಭಣಿ ಕಡೆಯ ಒಬ್ಬ ಮುದುಕ ಬಂದು, ಅವನ ರಕ್ತದ ಪಾದ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, "ಮಾವುಲಿ, ತಾಯೀ" ಎಂದು ಬಾಗಿದ. ಬೋಳು ನೆತ್ತಿ. ನನ್ನ ಮಗ ಆ ನೆತ್ತಿಯನ್ನು ನೋಡಿದ. ಆಮೇಲೆ ಕಾಲೆತ್ತಿ ಆ ಮುದುಕನ ಬಾಯಿಗೆ ಒದ್ದ. ಹಲ್ಲು ಧೂಳಿನಲ್ಲಿ ಬಿದ್ದವು. ಮತ್ತೆ ಒದ್ದ. ದಿಂಡಿಯೇ ಅವನ ಮೇಲೆ ಬಿತ್ತು. ವಿಠ್ಠಲ ವಿಠ್ಠಲ ಎನ್ನುತ್ತಿದ್ದ ಬಾಯಿಗಳು ತಾಯಿ ಹೆಸರೆತ್ತಿ ಬೈದವು, ತಾಳದಿಂದ ಹೊಡೆದವು. ಅವನ ಒಂದು ಕಿವಿ ಹರಿದು ನೇತಾಡುತ್ತಿತ್ತು. ಅಡ್ಡ ಬಿದ್ದು ಎಳೆದುಕೊಂಡು ಬಂದೆ.

"ಯಾಕೋ ಮೂರ್ಖಾ? ಯಾಕ?"

"ಅಪ್ಪಾ, ಯಾರ ಬಾಗಿದ್ರೂ ಆ ನೆತ್ತೀನ ಕಾಣ್ತದ. ನೆತ್ತಿ ಕಂಡ್ರ ನನ್ನ ಕೈಗೆ ಹಾರೆ ಬರ್ತದ."

ವೈನಿ ಕಂಡದ್ದೆಲ್ಲ ನಿಜ. ಅವನೇ ಹೇಳಿದ. "ಭಾನುಕಾಕಾ ಬಾಗಿದ, ನಾನೂ ಬಾಗಿದೆ. ನಾ ಬಾಗಬೇಕಂತ ಬಾಗಲಿಲ್ಲಪ್ಪಾ, ಮೈ ಬಾಗಿತು. ಸಣ್ಣವನಿದ್ದಾಗ ಹೆಗಲ ಮ್ಯಾಲೆ ಕೂಡಿಸಿಕೊಂಡು ಹೊಳಿ ದಾಟಿಸಿದಾವ. ಆಮ್ಯಾಲೆ ಅವರು ನಕ್ಕರು. ನಿನ್ನ ಹೆಸರಿಟ್ಟು ನಕ್ಕರು. ಆ ನಗು ನಿಲ್ಲಸಾಕ ಹೊಡದೆ."

ದಿಂಡಿಯ ವೀಣೆ ನನ್ನ ಹೆಗಲಲ್ಲಿತ್ತು. ಅದನ್ನು ನೆಲಕ್ಕಿಡಬಾರದು, ನಿನಗೆ ಗೊತ್ತು. ಅದನ್ನೇ ಎರಡು ಕೈಯಲ್ಲಿ ಹಿಡಿದು ಅವನ ಬೆನ್ನಿಗೆ ಹೊಡೆದೆ. ಬುರುಡೆ ಒಡೆದು ತಂತಿ ಅವನ ಚರ್ಮದಲ್ಲಿ ಸಿಕ್ಕಿಕೊಳ್ಳುವವರೆಗೆ ಹೊಡೆದೆ. ನಮ್ಮಪ್ಪನ ತೋಳು ನನ್ನ ಭುಜಕ್ಕೆ ಬಂದು ಕೂತಿತ್ತು.

ಅಲ್ಲಿಂದ ಪಂಢರಪುರದವರೆಗೆ ಅವನು ನನ್ನ ಹಿಂದೆಯೇ ನಡೆದ. ಗುಡಿಯೊಳಗೆ ವಿಠೋಬನ ಪಾದದ ಮೇಲೆ ತಲೆಯಿಡಲು ಎರಡು ಕ್ಷಣ ಸಿಗುತ್ತದೆ. ಅವನು ಹಣೆ ಬಡಿದುಕೊಂಡ. ಕಲ್ಲಿಗೆ ರಕ್ತವಾಯಿತು. ಬಡವೆ ಪೂಜಾರಿಗಳು ತೋಳು ಹಿಡಿದು ಎಳೆದು ಹೊರಗೆ ಎಸೆದರು. ರತ್ನಾ, ಶರಣು ಬಂದವನನ್ನು ನನ್ನ ವಿಠೋಬ ಕೈಬಿಟ್ಟ ಕತೆ ಒಂದೂ ಇಲ್ಲ. ಆ ಕತೆಗಳನ್ನು ಹೇಳುತ್ತಲೇ ನಾನು ಮುದುಕನಾಗಿದ್ದೇನೆ. ಅವನು ಎತ್ತಿಕೊಂಡ ಮಗುವನ್ನು ನಾನು ಕಸಿದು ಠಾಣೆಗೆ ಹೇಗೆ ಕೊಡಲಿ?

ನಿನ್ನ ಪ್ರಭುವೂ ಶಿಲುಬೆಯ ಮೇಲಿಂದ, ಮೊಳೆ ಹೊಡೆದವರಿಗಾಗಿಯೇ ಬೇಡಿಕೊಂಡನಲ್ಲವೇ? ಭಾನುದಾಸ ಅದನ್ನು ಹಾಡಿದಾಗೆಲ್ಲ ನಾನು ಅತ್ತಿದ್ದೇನೆ. ಅದನ್ನೇ ನಿನ್ನಲ್ಲಿ ಬೇಡುತ್ತಿದ್ದೇನೆ. ನೀನೂ ವೈನಿಯೂ ಬಿಟ್ಟೆವು ಎಂದರೆ ಸಾಕು. ಇರುವವನು ಒಬ್ಬನೇ ಮಗ.

ನಿವೃತ್ತಿ

•

ಪುಣೆ
೧೯ ಆಗಸ್ಟ್ ೧೯೯೭

ನಿವೃತ್ತಿ,

ನನ್ನ ದೇವರನ್ನು ನಿನ್ನ ಮಗನ ವಕೀಲನಾಗಿ ನಿಲ್ಲಿಸಬೇಡ.

ನಿನ್ನ ಪತ್ರ ಇದೇ ಲಕೋಟೆಯಲ್ಲಿದೆ, ವಾಪಸ್ಸು ತೆಗೆದುಕೋ. ಇದನ್ನು ಠಾಣೆಗೆ ಒಯ್ದು ಕೊಡಬಹುದಿತ್ತು. ಎರಡು ಸಲ ಚಪ್ಪಲಿ ಮೆಟ್ಟಿ ಹೊರಟೆ. ಕೊಟ್ಟರೆ ನೀನು ನನಗೊಬ್ಬನಿಗೆ ಗುಟ್ಟಾಗಿ ಬರೆದವನಾಗಿ ಉಳಿಯುತ್ತೀಯೇ ಹೊರತು ಹೇಳಿದವನಾಗುವುದಿಲ್ಲ. ನನಗೆ ನಿನ್ನ ಕಾಗದ ಬೇಡ, ಬಾಯಿ ಬೇಕು.

ನಾನು ಸಂತನಲ್ಲ. ನಿನ್ನ ಮಗನ ಬೆರಳುಗಳನ್ನು ಒಂದೊಂದಾಗಿ ಮುರಿಯುವುದನ್ನು ನೆನೆಸಿಕೊಂಡೇ ಊಟ ಮಾಡುತ್ತೇನೆ. ಆದರೂ ಓದಿದವನು, ಆದ್ದರಿಂದ ನ್ಯಾಯವಾಗಿ ಒಂದು ಒಪ್ಪಿಕೊಳ್ಳುತ್ತೇನೆ. ಭಕ್ತಿಯಿಂದ ಪಾಪಿ ಪಾರಾಗುತ್ತಾನೆ ಎಂದು ನಿನ್ನವರು ಹೇಳಿದ್ದೂ, ಕೃಪೆಯಿಂದ ಎಂದು ನನ್ನವರು ಹೇಳಿದ್ದೂ ಒಂದೇ ಗಾಯಕ್ಕೆ ಹಚ್ಚುವ ಎರಡು ಎಣ್ಣೆ. ಯೋಗ್ಯತೆ ನೋಡಿ ಎತ್ತಿಕೊಳ್ಳುವವನು ದೇವರಲ್ಲ, ಸಾಹುಕಾರ. ಅದು ಸರಿ. ಆದರೆ ವಿಠೋಬನನ್ನು ನೀವು ತಾಯಿ ಎನ್ನುತ್ತೀರಿ. ಎತ್ತಿಕೊಂಡ ಮಗುವಿನ ಕೈಯಲ್ಲಿ ರಕ್ತವಿದ್ದರೆ, ಇದು ಯಾರದು ಎಂದು ಯಾವ ತಾಯಿ ಕೇಳುವುದಿಲ್ಲ? ಆ ಪ್ರಶ್ನೆ ಕೇಳದವಳ ಮಡಿಲನ್ನು ಮೋಕ್ಷ ಎಂದು ಮಾರುತ್ತಿದ್ದೀಯ. ನಮ್ಮ ಪಾದ್ರಿಯೂ ಅದನ್ನೇ ಮಾರುತ್ತಿದ್ದಾನೆ, ಅವನು ಹಾರ ಸೇರಿಸಿ ಕೊಡುತ್ತಾನೆ.

ನಿನ್ನ ಮಗ ದೇವರಿಗೆ ಬಾಗಿದ. ಅದು ಸುಲಭ. ಕಲ್ಲು ತಿರುಗಿ ಬಾಗಬೇಕಾಗಿಲ್ಲ, ಹಿಂದೆ ನಿಂತು ಯಾರೂ ನಗುವುದಿಲ್ಲ. ಊರಿನ ನಗುವಿಗೆ ಹೆದರಿ ಕೊಂದವನು ಊರಿನ ನಗುವಿನ ಎದುರೇ ಬಾಗಬೇಕು. ಅದನ್ನು ಕಲಿಸಬೇಕಾದವನು ಅವನ ಕೊರಳಿಗೆ ಮಾಲೆ ಹಾಕಿದವನು. ನೀನು ಒಂದು ಸಲ ಮಾಡಿದ್ದೆ, ಇಪ್ಪತ್ತರ ಹುಡುಗನಾಗಿದ್ದಾಗ. ಆಮೇಲೆ ಮಗಳ ಮದುವೆ ಬಂತು, ಎಲೆ ಕೊಟ್ಟಿಗೆಗೆ ಹೋಯಿತು.

ಇನ್ನು ನನಗೆ ಬರೆಯಬೇಡ. ಹೇಳುವುದಿದ್ದರೆ ಅಲ್ಲಿ ಹೇಳು.

ರತ್ನಾಕರ

•

ಜಿಲ್ಲಾ ಆಸ್ಪತ್ರೆ, ನಗರ
೨೭ ನವೆಂಬರ್ ೧೯೯೭

ಮೈದುನರಾದ ಭಾವಜಿ ರತ್ನಾಕರ ಅವರಿಗೆ ಸುಗಂಧಾಳ ಸಲಾಮ್.

ಅಕ್ಷರ ಸೊಟ್ಟಗಿವೆ, ಕೈ ಸೊಟ್ಟಗಿದೆ. ನಿವೃತ್ತಿ ಅಣ್ಣನವರು ಮಂಚದ ಮೇಲೆ ಮಲಗಿದ್ದಾರೆ. ಅವರಿಗೆ ಬರೆಯಲು ಬೆರಳಿಲ್ಲ. ನಾನು ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಮೊದಲಿನಿಂದ ಹೇಳುತ್ತೇನೆ.

ಊರಿನ ಏಳು ದಿನದ ಭಜನೆಯ ಸಪ್ತಾಹ ಮುಗಿಯುವ ಹಿಂದಿನ ದಿನ ಅಣ್ಣನವರು ನಮ್ಮ ಓಣಿಗೆ ಬಂದರು. ನಮ್ಮವರು ತೀರಿಹೋದ ಮೇಲೆ ಮೊದಲ ಸಲ. ನಾನು ಬಾಗಿಲಲ್ಲೇ ನಿಂತೆ, ಒಳಗೆ ಕರೆಯಲಿಲ್ಲ.

"ನಾಳೆ ಮಧ್ಯಾಹ್ನ ನನ್ನ ಕೀರ್ತನಿ ಐತಿ. ಬಾ ವೈನಿ."

"ಎಲಿ ಎಲ್ಲಿ ಹಾಕಿಸೀರಿ? ಕೊಟ್ಟಿಗಿ ಕಡೀಗೇನು?"

ಅವರು ತಲೆ ಎತ್ತಲಿಲ್ಲ. "ಉಣ್ಣಾಕ ಕರಿಯಾಕತ್ತಿಲ್ಲ. ಕೇಳಾಕ ಕರಿಯಾಕತ್ತೀನಿ."

ಹೋದೆ. ಯೋಹಾನನೂ ಓಣಿಯ ನಾಲ್ಕು ಜನವೂ ಬಂದರು. ಚಪ್ಪಲಿ ಬಿಡುವ ಕಡೆ ನಿಂತೆವು. ಸಪ್ತಾಹದ ಕೊನೆಗೆ ಒಡೆದು ಹಂಚುವ ಮೊಸರವಲಕ್ಕಿಯ ಮಡಕೆ ಕಟ್ಟಿದ್ದರು, ಊರೆಲ್ಲ ಸೇರಿತ್ತು. ಸೋಪಾನ ತಾಳ ಹಿಡಿದು ಮುಂದಿನ ಸಾಲಿನಲ್ಲಿದ್ದ. ಹರಿದ ಕಿವಿ ಗಂಟುಗಂಟಾಗಿ ಕೂಡಿದೆ. ಹೊಸ ಮೃದಂಗದವನನ್ನು ಬೇರೆ ಊರಿಂದ ತರಿಸಿದ್ದರು, ಅವನ ಎಡಗೈ ಏನೇನೂ ಸಾಲದು.

ಅಣ್ಣನವರು ನಾಮದ ಮಹಿಮೆ ಎತ್ತಿಕೊಂಡರು. ಆ ಪಾಪಿಯ ಕತೆ, ಸಾಯುವಾಗ ಮಗನನ್ನು ಕರೆದವನದು. ಅರ್ಧಕ್ಕೆ ನಿಲ್ಲಿಸಿ ಕೈ ಎತ್ತಿದರು. ತಾಳ ನಿಂತವು.

"ಈ ಕತಿ ನಿಮಗ ಎಷ್ಟೋ ವರ್ಷ ಹೇಳೀನಿ. ಅದರಾಗಿನ ಒಂದು ಮಾತು ಹೇಳಿರಲಿಲ್ಲ. ಅವನೂ ಮಗನ್ನ ಕರೆದ. ನಾನೂ ಇವತ್ತ ಮಗನ್ನ ಕರೀತೀನಿ. ಸೋಪಾನಾ! ಭಾನುದಾಸನ್ನ ಹಾರೆಯಿಂದ ಕೊಂದವ ನನ್ನ ಮಗ ಸೋಪಾನ. ಹಿಂದ ನಿಂತು ನಕ್ಕವ್ರು ನೀವು. ಹೊಗಿ ಅಂತ ಕಣ್ಣು ಮುಚ್ಚಿದಾವ ನಾನು."

ಆಮೇಲೆ ಒಬ್ಬ ಕೂಗಿದ: "ಬುವಾನ ತಲಿ ಕೆಟ್ಟೈತಿ, ಕೆಳಗ ಇಳಸ್ರೋ!"

ಅವರು ತಾವೇ ಇಳಿದರು. ಸೋಪಾನನ ಎದುರು ಹೋಗಿ ನಿಂತು ಬಾಗಿದರು. ಅಪ್ಪ, ಮಗನ ಕಾಲಿಗೆ.

ಅದೇ ನಗು ಬಂತು. ಸತ್ತರೂ ನಾನು ಆ ದನಿ ಮರೆಯುವುದಿಲ್ಲ. "ಮತ್ತ ಅದ ಚಾಳಿ!"

ಸೋಪಾನನ ಕೈ ಮೇಲೆದ್ದಿತು. ಕೈಯಲ್ಲಿ ಹಿತ್ತಾಳೆಯ ತಾಳ ಇತ್ತು, ಒಂದೊಂದೂ ಕಲ್ಲಿನಷ್ಟು ಭಾರ. ಕೆಳಗೆ ಅಣ್ಣನವರ ನೆತ್ತಿ. ನಾನು ಕಣ್ಣು ಮುಚ್ಚಿದೆ. ಬೆಂಚಿನ ಕೆಳಗೆ ಮುಚ್ಚಲು ಆಗಿರಲಿಲ್ಲ.

ತಾಳ ನೆಲಕ್ಕೆ ಬಿದ್ದ ಸದ್ದು ಕೇಳಿತು. ನೋಡಿದರೆ ಸೋಪಾನ ಬಾಗಿದ್ದ. ಅಪ್ಪನ ಪಾದ ಹಿಡಿದಿದ್ದ. ನಕ್ಕರು, ಉಗುಳಿದರು. ಈ ಸಲ ಅವನು ಏಳಲಿಲ್ಲ.

ಆಮೇಲೆ ಊರು ಅವರ ಮೇಲೆ ಬಿತ್ತು. ಮಂಟಪದ ಗಳ ಕಿತ್ತರು. ಕೊಲೆಗಾರ ಎಂದು ಮಗನನ್ನು ಹೊಡೆಯಲಿಲ್ಲ, ಹೆಸರು ಹೇಳಿದ ಎಂದು ಅಪ್ಪನನ್ನು ಹೊಡೆದರು. ಚಪ್ಪಲಿಗಾಲಲ್ಲಿ ಆ ಮುದುಕನ ಕೈ ತುಳಿದರು. ಬೆರಳು ಮುರಿಯುವುದು ಒಣಗಿದ ತೊಗರಿ ಕಟ್ಟಿಗೆಯ ಹಾಗೆ ಕೇಳುತ್ತದೆ. ಕುತ್ತಿಗೆಗೂ ಪೆಟ್ಟು ಬಿತ್ತು. ಸೋಪಾನ ಅಪ್ಪನ ಮೇಲೆ ಅಡ್ಡ ಬಿದ್ದುಕೊಂಡ, ಪೆಟ್ಟೆಲ್ಲ ಬೆನ್ನಿಗೆ ಬೀಳಲಿ ಎಂದು. ಅವಲಕ್ಕಿಯ ಮಡಕೆ ಒಡೆದು ಮೊಸರಿನಲ್ಲಿ ರಕ್ತ ಬೆರೆಯಿತು.

ಹೊಡೆದು ಸಾಕಾಗಿ ಎಲ್ಲರೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಣ್ಣನವರ ಮನೆಯ ಬಾಗಿಲನ್ನೂ ಅವರ ತಮ್ಮನವರೇ ಹಾಕಿದರು. ಎತ್ತಿದವರು ನಾವು. ಯೋಹಾನ ಟೆಂಪೋ ತಂದ. "ಬುವಾ, ಒಂದ ಕಣ್ಣು ಉಳದೈತಿ, ನಿಧಾನ ಹೊಡೀತೀನಿ. ದಾರ್ಯಾಗ ಸಾಯಬ್ಯಾಡ್ರಿ, ಆ ಹೆಸರೂ ನಮ್ಮ ಮ್ಯಾಲೇ ಬರ್ತೈತಿ" ಎಂದ. ಅಣ್ಣನವರು ಆ ನೋವಿನಲ್ಲೂ ನಕ್ಕರು. ಸೋಪಾನ ಟೆಂಪೋ ಹತ್ತಲಿಲ್ಲ. ರಕ್ತ ಸುರಿಸುತ್ತಲೇ ನಡೆದು ಠಾಣೆಗೆ ಹೋದ. ತಾನೇ ಹೇಳಿ ಬರೆಸಿದನಂತೆ. ಕಲ್ಲಿನ ಮೇಲೆ ಬಿದ್ದು ಎಂದು ಬರೆದದ್ದನ್ನು ಹೊಡೆದುಹಾಕಲೇಬೇಕಾಯಿತು.

ಈಗ ಅಣ್ಣನವರು ಬರೆಸುವುದು: "ರತ್ನಾಗ ಹೇಳು. ನಾಮದ ಬಗ್ಗೆ ನಾ ಹೇಳಿದ್ದು ಸುಳ್ಳಲ್ಲ, ಅಗ್ಗ ಮಾಡಿ ಹೇಳಿದೆ. ವಿಠೋಬ ಸೋಪಾನನ್ನ ಎತ್ತಿಕೊಂಡಾನೋ ಇಲ್ಲೋ ನನಗ ಗೊತ್ತಿಲ್ಲ, ಇನ್ನ ಆ ಮಾತು ನಾ ಆಡಂಗಿಲ್ಲ. ಕೋರ್ಟಿನಾಗ ಸಾಕ್ಷಿ ಹೇಳ್ತೀನಿ, ಬಾಯಿ ಉಳದೈತಿ." ಇಷ್ಟೇ. ನಿದ್ದೆ ಹತ್ತಿತು ಅವರಿಗೆ.

ಉಳಿದದ್ದು ನನ್ನದು.

ಪಾದ್ರಿಸಾಹೇಬರು ಹಣ್ಣು ತಂದಿದ್ದರು. ಹುಬ್ಬಿನ ಮೇಲೆ ನೀವು ಮಾಡಿದ ಕಲೆ ಹಾಗೇ ಇದೆ. "ಈಗಾದ್ರೂ ಕ್ಷಮಿಸಿಬಿಡವ್ವ" ಎಂದರು. ಹಣ್ಣು ತೆಗೆದುಕೊಂಡೆ. ಸೋಪಾನನನ್ನು ಕ್ಷಮಿಸಿಲ್ಲ ಎಂದೆ. ಮೊದಲು ಹೆಸರೇ ಇರಲಿಲ್ಲ, ಈಗ ಹೆಸರು ಸಿಕ್ಕಿದೆ. ಆ ಹೆಸರು ಹಿಡಿದು ದಿನಾ ಪ್ರಾರ್ಥನೆಗೆ ಕೂರುತ್ತೇನೆ, ಬಾಯಿಂದ ಏನೂ ಬರುವುದಿಲ್ಲ. ಪ್ರಭುವಿಗೆ ಅಷ್ಟು ಸಾಲದಿದ್ದರೆ ನನ್ನನ್ನು ಹೊರಗೇ ಕೂರಿಸಲಿ. ಹೊಳೆಯ ಮರಳಲ್ಲಿ ಕಾಯುವುದು ನಮ್ಮ ಮನೆಗೆ ಹೊಸದಲ್ಲ.

ಅಣ್ಣನವರಿಗೆ ದಿನಾ ಜೋಳದ ಭಕ್ರಿಯನ್ನು ಹಾಲಿನಲ್ಲಿ ನೆನೆಸಿ ನಾನೇ ತಿನ್ನಿಸುತ್ತೇನೆ. ಸೊಟ್ಟ ಕೈಯಲ್ಲಿ ಅರ್ಧ ಅವರ ಗಡ್ಡಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ತಿಂದು ಮುಗಿಸಿದ ಮೇಲೆ, ಕುತ್ತಿಗೆಗೆ ಪಟ್ಟಿ ಇದ್ದರೂ ಮಂಚದಿಂದ ಕಾಲು ಕೆಳಗಿಳಿಸಿ ನನ್ನ ಕಡೆ ಬಾಗಲು ಹೊರಟರು. ಭುಜ ಹಿಡಿದು ತಡೆದೆ. ಅವರು ಬಾಗಿದರೆ ನಾನೂ ಬಾಗಬೇಕಲ್ಲ. ನಮ್ಮವರ ಜೊತೆ ಅಷ್ಟು ವರ್ಷ ಬಾಳಿದವಳಿಗೆ ಆ ಪದ್ಧತಿ ಮೀರಲು ಬರುವುದಿಲ್ಲ.

"ಇವತ್ತ ಬ್ಯಾಡ ಅಣ್ಣಾ" ಎಂದೆ.

"ಮತ್ತ ಯಾವತ್ತ?" ಎಂದರು.

ಗಡ್ಡಕ್ಕೆ ಅಂಟಿದ್ದ ಭಕ್ರಿ ಒರೆಸಿದೆ. ಬ್ಯಾಡ ಅಂತ ಮಾತ್ರ ಹೇಳಲಿಲ್ಲ.

ನೀವು ಬಂದು ಹೋಗಿ ಭಾವಜಿ. ಬರುವಾಗ ಪುಣೆಯಲ್ಲಿ ಒಂದು ಒಳ್ಳೆಯ ಮೃದಂಗ ನೋಡಿ. ಕ್ರಿಸ್‌ಮಸ್ಸಿಗೆ ಓಣಿಯಲ್ಲಿ ಸದ್ದಿಲ್ಲ. ಯೋಹಾನ ಕಲಿಯುತ್ತಾನಂತೆ.

ನಿಮ್ಮ ವೈನಿ
ಸುಗಂಧಾ